ಕ್ಯಾರವಾನ್ ವಾಹನಗಳಲ್ಲಿ ಟಿ.ವಿ. ಸಂಕೇತ ಹಾಗೂ ವಿದ್ಯುತ್ ತಂತಿ ಜೋಡಣೆಯ ದೋಷಗಳು: ಬೆಂಗಳೂರು ದಂಡು ಮತ್ತು ಪೂರ್ವ ಭಾಗದ ನಾಗರಿಕರಿಗೆ ಮಾಹಿತಿ

1. ಉದ್ದೇಶ ಮತ್ತು ವ್ಯಾಪ್ತಿ

ಸ್ವಂತ ಬಳಕೆಗಾಗಿ, ಪ್ರವಾಸಕ್ಕಾಗಿ ಅಥವಾ ಚಲನಚಿತ್ರ ಚಿತ್ರೀಕರಣದ ಅಗತ್ಯಕ್ಕಾಗಿ ಕ್ಯಾರವಾನ್ ವಾಹನಗಳನ್ನು ಹೊಂದಿರುವ ಅಥವಾ ಹೊಂದಲು ಅರ್ಜಿ ಸಲ್ಲಿಸುವ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ವಾಹನದೊಳಗಿನ ಟಿ.ವಿ.ಯಲ್ಲಿ ಚಿತ್ರ ಬಾರದಿರುವುದು, ಕೆಲವು ವಾಹಿನಿಗಳು ಮಾತ್ರ ಕಾಣದಿರುವುದು, ಪೆಟ್ಟಿಗೆ ತಾನಾಗಿಯೇ ಆರಿಹೋಗುವುದು ಮುಂತಾದ ದೂರುಗಳಿಗೆ ಕಾರಣಗಳನ್ನೂ ಅವುಗಳನ್ನು ಪತ್ತೆ ಹಚ್ಚುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ. ಶಿವಾಜಿನಗರ, ಹಲಸೂರು, ಇಂದಿರಾನಗರ ಹಾಗೂ ಕೃಷ್ಣರಾಜಪುರ ಪ್ರದೇಶಗಳನ್ನು ಗಮನದಲ್ಲಿರಿಸಿ ದಿಕ್ಕು ಮತ್ತು ಕೋನಗಳನ್ನು ನೀಡಲಾಗಿದ್ದು, ನಗರದ ಉಳಿದ ಭಾಗಗಳಿಗೂ ಅವು ಅನ್ವಯಿಸುತ್ತವೆ.

ಇಂತಹ ವಾಹನಗಳಲ್ಲಿ ಚಿತ್ರದ ದೋಷ ಮತ್ತು ವಿದ್ಯುತ್ ದೋಷ ಬಹುಪಾಲು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ತಂತಿ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಮುನ್ನ ಕಾಣಿಸುವ ಮೊದಲ ಲಕ್ಷಣವು ಟಿ.ವಿ. ಪದೇ ಪದೇ ಆರುವುದೇ ಆಗಿರಬಹುದು. ಆದ್ದರಿಂದ ಈ ಲಕ್ಷಣಗಳನ್ನು ಕೇವಲ ಮನರಂಜನೆಗೆ ಉಂಟಾದ ಅಡಚಣೆಯೆಂದು ಭಾವಿಸದೆ, ಕಾರಣವನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ.

2. ಹಿನ್ನೆಲೆ

ಕರ್ನಾಟಕದ ಗ್ರಾಮಗಳಿಗೆ ಉಪಗ್ರಹದ ಮೂಲಕ ಟಿ.ವಿ. ಮೊದಲು ತಲುಪಿದ್ದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ. ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಆಯ್ದ ಗ್ರಾಮಗಳಲ್ಲಿ ತಂತಿಬಲೆಯ ದೊಡ್ಡ ಡಿಶ್‌ಗಳ ಮೂಲಕ ಕಾರ್ಯಕ್ರಮಗಳನ್ನು ತೋರಿಸಲಾಗಿತ್ತು. ದೂರದರ್ಶನದ ಬೆಂಗಳೂರು ಕೇಂದ್ರವು 1981ರಲ್ಲಿ ಆರಂಭಗೊಂಡಿತು. ದಂಡು ಪ್ರದೇಶಕ್ಕೆ ಸಮೀಪದ ಜಯಚಾಮರಾಜೇಂದ್ರ ನಗರದಲ್ಲಿ ಅದರ ಕಟ್ಟಡವಿದೆ. ದೂರದರ್ಶನದ ಉಚಿತ ಉಪಗ್ರಹ ಸೇವೆಯು 2004ರ ಡಿಸೆಂಬರ್‌ನಲ್ಲಿ ‘ಡಿ.ಡಿ. ಡೈರೆಕ್ಟ್ ಪ್ಲಸ್’ ಎಂಬ ಹೆಸರಿನಲ್ಲಿ ಪ್ರಾರಂಭವಾಗಿ, ಈಗ ‘ಡಿ.ಡಿ. ಫ್ರೀ ಡಿಶ್’ ಎಂದು ಕರೆಯಲ್ಪಡುತ್ತಿದೆ. ಈ ಸೇವೆಗೆ ಮಾಸಿಕ ಶುಲ್ಕವಿರುವುದಿಲ್ಲ.

ದೂರದರ್ಶನದ ಹಳೆಯ ಅನಲಾಗ್ ಭೂಪ್ರಸಾರ ಕೇಂದ್ರಗಳಲ್ಲಿ ಬಹುತೇಕವನ್ನು 2022ರ ವೇಳೆಗೆ ಸ್ಥಗಿತಗೊಳಿಸಲಾಗಿದೆ. ಹೀಗಾಗಿ ಹಳೆಯ ವಾಹನಗಳ ಮೇಲ್ಛಾವಣಿಯಲ್ಲಿರುವ ಮೀನಿನ ಮುಳ್ಳಿನ ಆಕಾರದ ಆಂಟೆನಾವನ್ನು ಎತ್ತರಿಸುವುದರಿಂದ ಅಥವಾ ತಿರುಗಿಸುವುದರಿಂದ ಪ್ರಯೋಜನವಿಲ್ಲ. ಚಲಿಸುವ ಮನೆಗೆ ಕೇಬಲ್ ಸಂಪರ್ಕವೂ ಸಾಧ್ಯವಿಲ್ಲವಾದ್ದರಿಂದ, ಉಪಗ್ರಹದ ಡಿಶ್ ಅಥವಾ ಮೊಬೈಲ್ ಅಂತರ್ಜಾಲ ಇವೆರಡೇ ಪ್ರಾಯೋಗಿಕ ಮಾರ್ಗಗಳು.

3. ಪರೀಕ್ಷೆಗೆ ಮುನ್ನ ಪಾಲಿಸಬೇಕಾದ ಸುರಕ್ಷತಾ ಕ್ರಮಗಳು

ಅ) 230 ವೋಲ್ಟ್ ಹೊರಸಂಪರ್ಕವಿದ್ದಲ್ಲಿ ಮೊದಲು ಪ್ಲಗ್ ಕಳಚಬೇಕು. ಸ್ವಿಚ್ ಆರಿಸಿದ ಮಾತ್ರಕ್ಕೆ ತಂತಿ ನಿರ್ಜೀವವಾಯಿತೆಂದು ಭಾವಿಸಬಾರದು. ಇನ್ವರ್ಟರ್ ಇದ್ದಲ್ಲಿ ಅದನ್ನೂ ಆರಿಸಬೇಕು.

ಆ) ಬ್ಯಾಟರಿಯ ಸಂಪರ್ಕ ಬಿಡಿಸುವಾಗ ಋಣ ತುದಿಯನ್ನು ಮೊದಲು ಬಿಡಿಸಿ, ಮರಳಿ ಜೋಡಿಸುವಾಗ ಕೊನೆಯಲ್ಲಿ ಜೋಡಿಸಬೇಕು. ಸೀಸ-ಆಮ್ಲ ಬ್ಯಾಟರಿಯು ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬೀಳುವುದರಿಂದ ಸಮೀಪದಲ್ಲಿ ಕಿಡಿ ಅಥವಾ ಬೆಂಕಿ ಇರಕೂಡದು.

ಇ) ದಂಡು ನಿಲ್ದಾಣ, ಬೈಯಪ್ಪನಹಳ್ಳಿ ಹಾಗೂ ಕೃಷ್ಣರಾಜಪುರದ ರೈಲು ಮಾರ್ಗಗಳ ಮೇಲಿನ ತಂತಿಗಳಲ್ಲಿ 25,000 ವೋಲ್ಟ್ ವಿದ್ಯುತ್ ಇರುತ್ತದೆ. ಅವುಗಳ ಸಮೀಪದಲ್ಲಿ ಅಥವಾ ಬೀದಿಯ ವಿದ್ಯುತ್ ಮಾರ್ಗಗಳ ಕೆಳಗೆ ವಾಹನದ ಮೇಲ್ಛಾವಣಿ ಏರುವುದು, ಕಂಬ ಅಥವಾ ಡಿಶ್ ಎತ್ತುವುದು ಪ್ರಾಣಾಪಾಯಕಾರಿ.

ಈ) ಟಿ.ವಿ.ಗಾಗಿ ರಾತ್ರಿಯಿಡೀ ಎಂಜಿನ್ ಅಥವಾ ಜನರೇಟರ್ ಚಾಲನೆಯಲ್ಲಿಟ್ಟು ಬಾಗಿಲು ಮುಚ್ಚಿ ಮಲಗಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರಣ, ನಿದ್ರಿಸುತ್ತಿರುವವರಿಗೆ ಅದರ ಅರಿವೇ ಆಗುವುದಿಲ್ಲ.

4. ಡಿಶ್‌ನ ದಿಕ್ಕು ಮತ್ತು ವಾಹನ ನಿಲ್ಲಿಸುವ ಸ್ಥಳ

ಡಿ.ಡಿ. ಫ್ರೀ ಡಿಶ್ ಸೇವೆಯು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ, 2015ರ ನವೆಂಬರ್‌ನಲ್ಲಿ ಉಡಾಯಿಸಲಾದ ಜಿಸ್ಯಾಟ್-15 ಉಪಗ್ರಹದ ಮೂಲಕ ದೊರೆಯುತ್ತದೆ. ಬೆಂಗಳೂರಿನಿಂದ ನೋಡಿದಾಗ ವಿವಿಧ ಉಪಗ್ರಹ ಸ್ಥಾನಗಳ ಅಂದಾಜು ದಿಕ್ಕು ಮತ್ತು ಎತ್ತರದ ಕೋನ ಈ ಕೆಳಕಂಡಂತಿದೆ. ದಿಕ್ಕನ್ನು ಉತ್ತರದಿಂದ ಪ್ರದಕ್ಷಿಣವಾಗಿ ಅಳೆಯಲಾಗಿದೆ.

- 83 ಡಿಗ್ರಿ ಪೂರ್ವ: ದಿಕ್ಕು 157 ಡಿಗ್ರಿ, ಎತ್ತರ 73 ಡಿಗ್ರಿ
- 88 ಡಿಗ್ರಿ ಪೂರ್ವ: ದಿಕ್ಕು 141 ಡಿಗ್ರಿ, ಎತ್ತರ 70 ಡಿಗ್ರಿ
- 93.5 ಡಿಗ್ರಿ ಪೂರ್ವ: ದಿಕ್ಕು 128 ಡಿಗ್ರಿ, ಎತ್ತರ 66 ಡಿಗ್ರಿ
- 95 ಡಿಗ್ರಿ ಪೂರ್ವ: ದಿಕ್ಕು 126 ಡಿಗ್ರಿ, ಎತ್ತರ 65 ಡಿಗ್ರಿ
- 108.2 ಡಿಗ್ರಿ ಪೂರ್ವ: ದಿಕ್ಕು 111 ಡಿಗ್ರಿ, ಎತ್ತರ 52 ಡಿಗ್ರಿ

ತಮ್ಮ ಡಿ.ಟಿ.ಎಚ್. ಸೇವೆ ಯಾವ ಸ್ಥಾನದ ಉಪಗ್ರಹವನ್ನು ಬಳಸುತ್ತದೆ ಎಂಬುದನ್ನು ಸೇವಾದಾರರಿಂದ ತಿಳಿದುಕೊಳ್ಳತಕ್ಕದ್ದು. ಸಾಮಾನ್ಯವಾಗಿ ಬಳಕೆಯಲ್ಲಿರುವ ಡಿಶ್‌ನ ಗ್ರಾಹಕ ತೋಳು ಕೆಳಬದಿಯಲ್ಲಿರುವುದರಿಂದ, ಅದರ ತಟ್ಟೆಯು ವಾಸ್ತವ ಕೋನಕ್ಕಿಂತ ಕೆಳಗೆ ನೋಡುತ್ತಿರುವಂತೆ ಕಾಣುತ್ತದೆ. ಇದನ್ನು ದೋಷವೆಂದು ತಿಳಿದು ತಟ್ಟೆಯನ್ನು ಮೇಲಕ್ಕೆ ಬಾಗಿಸಬಾರದು; ಹಿಂಬದಿಯ ಕೋನಪಟ್ಟಿಯ ಅಂಕಿಯನ್ನೇ ಅನುಸರಿಸಬೇಕು. ವಾಹನವು ಸಮತಟ್ಟಾಗಿ ನಿಲ್ಲದಿದ್ದಲ್ಲಿ ಈ ಅಂಕಿಯೂ ತಪ್ಪುತ್ತದೆ. ದಿಕ್ಸೂಚಿಯನ್ನು ಉಕ್ಕಿನ ಮೈಗೆ ತಾಗಿಸಿ ನೋಡದೆ, ವಾಹನದಿಂದ ಕೆಲವು ಹೆಜ್ಜೆ ದೂರ ನಿಂತು ನೋಡಬೇಕು.

ಎತ್ತರದ ಕೋನ 66 ಡಿಗ್ರಿ ಇರುವುದರಿಂದ, ಡಿಶ್‌ಗಿಂತ 9 ಮೀಟರ್ ಎತ್ತರವಿರುವ ಮರ ಅಥವಾ ಕಟ್ಟಡವು ಆಗ್ನೇಯ ದಿಕ್ಕಿನಲ್ಲಿ 4 ಮೀಟರ್‌ಗಿಂತ ಹತ್ತಿರವಿದ್ದರೆ ಸಂಕೇತ ತಡೆಯುತ್ತದೆ. 108.2 ಡಿಗ್ರಿ ಸ್ಥಾನಕ್ಕೆ ಇದೇ ಅಂತರ ಸುಮಾರು 7 ಮೀಟರ್ ಆಗುತ್ತದೆ. ಇಂದಿರಾನಗರ ಹಾಗೂ ದಂಡು ಪ್ರದೇಶದ ಹಳೆಯ ರಸ್ತೆಗಳಲ್ಲಿ ಮಳೆಮರಗಳ ಕೊಂಬೆಗಳು ರಸ್ತೆಯನ್ನೇ ಮುಚ್ಚಿರುವುದರಿಂದ, ಬೇಸಿಗೆಯಲ್ಲಿ ಎಲೆ ಉದುರಿದಾಗ ದೊರೆತ ಚಿತ್ರ ಮಳೆಗಾಲದ ಚಿಗುರಿನ ನಂತರ ಅದೇ ಸ್ಥಳದಲ್ಲಿ ದೊರೆಯದಿರಬಹುದು. ಹಲಸೂರು, ಇಂದಿರಾನಗರ ಹಾಗೂ ಕೃಷ್ಣರಾಜಪುರದಲ್ಲಿ ಮೆಟ್ರೋ ಮೇಲ್ಸೇತುವೆಯ ಅಡಿಯಲ್ಲಿ ಅಥವಾ ಅದರ ಅಂಚಿಗೆ ತೀರ ಸಮೀಪದಲ್ಲಿ ಸಂಕೇತ ದೊರೆಯುವುದಿಲ್ಲ. ಇಂತಹ ಸಂದರ್ಭಗಳಲ್ಲಿ ಉಪಕರಣವನ್ನು ಬಿಚ್ಚುವ ಮೊದಲು ವಾಹನವನ್ನು ಕೆಲವು ಮೀಟರ್ ಸರಿಸಿ ನೋಡುವುದು ಸೂಕ್ತ. ಮರದ ಕೊಂಬೆಗಳನ್ನು ಅನುಮತಿಯಿಲ್ಲದೆ ಕಡಿಯಬಾರದು.

5. ಲಕ್ಷಣಗಳು ಮತ್ತು ಕಾರಣಗಳು

5.1 ‘ಸಂಕೇತವಿಲ್ಲ’ ಎಂಬ ಸೂಚನೆ: ಸೆಟ್ ಟಾಪ್ ಬಾಕ್ಸ್‌ನ ಪಟ್ಟಿಯಲ್ಲಿ ಸಂಕೇತದ ಪ್ರಬಲತೆ ಮತ್ತು ಗುಣಮಟ್ಟ ಎಂಬ ಎರಡು ಅಂಕಿಗಳಿರುತ್ತವೆ. ಪ್ರಬಲತೆ ಇದ್ದು ಗುಣಮಟ್ಟ ಸೊನ್ನೆಯಾಗಿದ್ದರೆ ತಂತಿ ಸರಿಯಿದ್ದು ಡಿಶ್ ತಪ್ಪು ದಿಕ್ಕಿಗಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಎರಡೂ ಸೊನ್ನೆಯಾಗಿದ್ದರೆ ತಂತಿ, ಅದರ ತುದಿಯ ಕನೆಕ್ಟರ್ ಅಥವಾ ಡಿಶ್‌ನ ಎಲ್.ಎನ್.ಬಿ. ಘಟಕವನ್ನು ಪರೀಕ್ಷಿಸಬೇಕು.

5.2 ಕೆಲವು ವಾಹಿನಿಗಳು ಮಾತ್ರ ಕಾಣದಿರುವುದು: ಎಲ್.ಎನ್.ಬಿ. ಘಟಕಕ್ಕೆ ಸೆಟ್ ಟಾಪ್ ಬಾಕ್ಸ್ ಲಂಬ ಧ್ರುವೀಕರಣದ ವಾಹಿನಿಗಳಿಗಾಗಿ 13 ವೋಲ್ಟ್ ಹಾಗೂ ಅಡ್ಡ ಧ್ರುವೀಕರಣದ ವಾಹಿನಿಗಳಿಗಾಗಿ 18 ವೋಲ್ಟ್ ಕಳುಹಿಸುತ್ತದೆ. ವಾಹನದ ಬ್ಯಾಟರಿ ದುರ್ಬಲವಾಗಿದ್ದು ಬಾಕ್ಸ್‌ಗೆ ಸಾಕಷ್ಟು ವಿದ್ಯುತ್ ದೊರೆಯದಿದ್ದಲ್ಲಿ 18 ವೋಲ್ಟ್ ಸಿದ್ಧವಾಗದೆ, ಒಂದು ಗುಂಪಿನ ವಾಹಿನಿಗಳು ಮಾತ್ರ ಮಾಯವಾಗುತ್ತವೆ. ಎಂಜಿನ್ ಚಾಲನೆಯಲ್ಲಿರುವಾಗ ಅವು ಮರಳಿ ಬಂದರೆ ದೋಷವು ಡಿಶ್‌ನಲ್ಲಿಲ್ಲ, ವಿದ್ಯುತ್ ಪೂರೈಕೆಯಲ್ಲಿದೆ.

5.3 ಚಿತ್ರ ಚೌಕ ಚೌಕವಾಗಿ ಒಡೆಯುವುದು: ದಿಕ್ಕು ಸ್ವಲ್ಪ ತಪ್ಪಿರುವುದು, ಎಲ್.ಎನ್.ಬಿ.ಯ ತಿರುವು ಸರಿಯಿಲ್ಲದಿರುವುದು ಅಥವಾ ಕನೆಕ್ಟರ್‌ಗೆ ನೀರು ಇಳಿದಿರುವುದು ಇದಕ್ಕೆ ಕಾರಣ. ಗುಣಮಟ್ಟದ ಅಂಕಿ ಗರಿಷ್ಠವಾಗುವವರೆಗೆ ಎಲ್.ಎನ್.ಬಿ.ಯನ್ನು ಅದರ ಹಿಡಿಕೆಯಲ್ಲಿ ನಿಧಾನವಾಗಿ ತಿರುಗಿಸಬೇಕು. ಒಂದು ಊರಿನಲ್ಲಿ ಸರಿಹೊಂದಿದ ತಿರುವು ದೂರದ ಊರಿಗೆ ಹೊಂದುವುದಿಲ್ಲ.

5.4 ‘ಶಾರ್ಟ್’ ಎಂಬ ಸೂಚನೆ: ಆರ್.ಜಿ.-6 ತಂತಿಯ ಹೊರಹೆಣಿಗೆಯ ಒಂದು ಎಳೆ ಕನೆಕ್ಟರ್‌ನೊಳಗೆ ನಡುವಿನ ತಂತಿಗೆ ತಗುಲಿದರೂ ಈ ಸೂಚನೆ ಬರುತ್ತದೆ. ಬಾಕ್ಸ್ ಆರಿಸಿ, ತುದಿಯನ್ನು ಕತ್ತರಿಸಿ ಹೊಸದಾಗಿ ಜೋಡಿಸಬೇಕು. ಬಾಗಿಲಿನ ಅಥವಾ ಕಿಟಕಿಯ ಸಂದಿನಲ್ಲಿ ತಂತಿ ಜಜ್ಜಿದ್ದರೆ ಪೂರ್ತಿ ತಂತಿಯನ್ನೇ ಬದಲಿಸಬೇಕು. ನಡುವೆ ಹೆಣೆದು ಟೇಪ್ ಸುತ್ತಬಾರದು.

5.5 ಧ್ವನಿಯಲ್ಲಿ ಗುಂಯ್‌ಗುಡುವಿಕೆ: ಎಂಜಿನ್ ವೇಗದೊಂದಿಗೆ ಸ್ವರ ಏರಿಳಿದರೆ ಆಲ್ಟರ್ನೇಟರ್ ಕಾರಣ. ಟಿ.ವಿ. ಮತ್ತು ಧ್ವನಿವರ್ಧಕದ ಋಣ ತಂತಿಗಳನ್ನು ಬೇರೆ ಬೇರೆ ಕಡೆ ವಾಹನದ ಮೈಗೆ ಕಟ್ಟದೆ, ಒಂದೇ ಬಿಂದುವಿಗೆ ತರುವುದರಿಂದ ಇದು ಬಹುಮಟ್ಟಿಗೆ ಕಡಿಮೆಯಾಗುತ್ತದೆ.

6. 12 ವೋಲ್ಟ್ ತಂತಿ ಜೋಡಣೆ

ವಾಹನದಲ್ಲಿ ಟಿ.ವಿ. ಆರಿಹೋಗುವುದಕ್ಕೆ ಮುಖ್ಯ ಕಾರಣ ತೆಳುವಾದ ತಂತಿ. ಮನೆಯ 230 ವೋಲ್ಟ್‌ನಲ್ಲಿ ಒಂದು ವೋಲ್ಟ್ ನಷ್ಟವಾದರೆ ತಿಳಿಯುವುದೇ ಇಲ್ಲ. 12 ವೋಲ್ಟ್‌ನಲ್ಲಿ ಅದೇ ನಷ್ಟವು ಉಪಕರಣವನ್ನು ನಿಲ್ಲಿಸುತ್ತದೆ. ಟಿ.ವಿ. 3 ಆಂಪಿಯರ್ ಮತ್ತು ಬಾಕ್ಸ್ 1 ಆಂಪಿಯರ್, ಒಟ್ಟು 4 ಆಂಪಿಯರ್ ಎಳೆಯುತ್ತವೆ ಹಾಗೂ ಬ್ಯಾಟರಿಯು 6 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ, ಹೋಗಿ ಬರುವ ತಾಮ್ರದ ತಂತಿಯ ಉದ್ದ 12 ಮೀಟರ್ ಆಗುತ್ತದೆ. ಆಗ ಆಗುವ ನಷ್ಟ:

- 0.5 ಚದರ ಮಿ.ಮೀ. ತಂತಿ: ಸುಮಾರು 1.7 ವೋಲ್ಟ್
- 1.5 ಚದರ ಮಿ.ಮೀ. ತಂತಿ: ಸುಮಾರು 0.6 ವೋಲ್ಟ್
- 2.5 ಚದರ ಮಿ.ಮೀ. ತಂತಿ: ಸುಮಾರು 0.3 ವೋಲ್ಟ್

ಅರ್ಧ ಖಾಲಿಯಾದ ಬ್ಯಾಟರಿಯು ಸುಮಾರು 12.2 ವೋಲ್ಟ್ ತೋರಿಸುತ್ತದೆ. ತೆಳು ತಂತಿಯ ತುದಿಯಲ್ಲಿ ಅದು 10.5 ವೋಲ್ಟ್‌ಗೆ ಇಳಿದು ಟಿ.ವಿ. ಆರುತ್ತದೆ. ಭಾರ ತಪ್ಪಿದ ಕೂಡಲೇ ವೋಲ್ಟ್ ಮೇಲೇರುವುದರಿಂದ ಟಿ.ವಿ. ಮತ್ತೆ ಹತ್ತುತ್ತದೆ, ಪುನಃ ಆರುತ್ತದೆ. ಇದನ್ನು ಟಿ.ವಿ.ಯ ದೋಷವೆಂದು ತಿಳಿದು ಹೊಸ ಟಿ.ವಿ. ಕೊಂಡರೂ ತೊಂದರೆ ನಿವಾರಣೆಯಾಗುವುದಿಲ್ಲ.

ಪರೀಕ್ಷಾ ಕ್ರಮ: ಟಿ.ವಿ. ಮತ್ತು ಬಾಕ್ಸ್ ಎರಡೂ ಚಾಲನೆಯಲ್ಲಿರುವಾಗ ಮಲ್ಟಿಮೀಟರ್‌ನಿಂದ ಮೊದಲು ಬ್ಯಾಟರಿಯ ತುದಿಗಳಲ್ಲಿ, ನಂತರ ಟಿ.ವಿ.ಯ ಸಾಕೆಟ್‌ನಲ್ಲಿ ವೋಲ್ಟ್ ಅಳೆಯಬೇಕು. ವ್ಯತ್ಯಾಸವು ಮೇಲಿನ ಪಟ್ಟಿಗಿಂತ ಗಣನೀಯವಾಗಿ ಹೆಚ್ಚಿದ್ದರೆ ನಡುವಿನ ಸ್ವಿಚ್, ಫ್ಯೂಸ್ ಹಿಡಿಕೆ ಅಥವಾ ಕೀಲು ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ ಎಂದರ್ಥ. ಮುಟ್ಟಿದಾಗ ಬಿಸಿಯಾಗಿರುವ ಕೀಲನ್ನು ಕೂಡಲೇ ಬದಲಿಸಬೇಕು. ಉಪಕರಣವನ್ನು ಆರಿಸಿ ಅಳೆದರೆ ಈ ದೋಷ ಕಾಣಿಸುವುದಿಲ್ಲ.

ಧನ ತಂತಿಗೆ ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್ ಇರಬೇಕು. ಟಿ.ವಿ.ಯ ಬಳಿ ಮಾತ್ರ ಫ್ಯೂಸ್ ಇದ್ದು, ನಡುದಾರಿಯಲ್ಲಿ ತಂತಿಯ ಹೊದಿಕೆ ಉಕ್ಕಿನ ಅಂಚಿಗೆ ಉಜ್ಜಿ ಹರಿದರೆ, ಅದು ಬೆಂಕಿಯನ್ನು ತಡೆಯಲಾರದು. ಮೇಲೆ ಹೇಳಿದ 4 ಆಂಪಿಯರ್ ಭಾರಕ್ಕೆ 1.5 ಚದರ ಮಿ.ಮೀ. ತಂತಿಯೊಂದಿಗೆ 7.5 ಆಂಪಿಯರ್ ಫ್ಯೂಸ್ ಸಾಕಾಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದನ್ನು ಅಥವಾ ತಾಮ್ರದ ಎಳೆಯನ್ನು ಹಾಕುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಲೋಹದ ರಂಧ್ರಗಳ ಮೂಲಕ ಹಾಯುವ ತಂತಿಗೆ ರಬ್ಬರ್ ಬಳೆ ಹಾಕಿಸಬೇಕು.

ಎಂಜಿನ್ ಚಾಲನೆಯಲ್ಲಿರುವಾಗ ವೋಲ್ಟ್ 14ಕ್ಕಿಂತ ಹೆಚ್ಚಾಗುತ್ತದೆ. ನಿಖರವಾಗಿ 12 ವೋಲ್ಟ್ ಬಯಸುವ ಮನೆಬಳಕೆಯ ಟಿ.ವಿ.ಗೆ ವೋಲ್ಟ್ ಸ್ಥಿರಗೊಳಿಸುವ ಘಟಕ ಅವಶ್ಯಕ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದ ಟಿ.ವಿ. ನಡೆಸದೆ, ಒಳಬಳಕೆಗೆ ಪ್ರತ್ಯೇಕ ಬ್ಯಾಟರಿ ಹೊಂದುವುದು ಸೂಕ್ತ. 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೆ ಅದರ ಆಯುಷ್ಯ ಉಳಿಯುತ್ತದೆ. ಆ ಲೆಕ್ಕದಲ್ಲಿ 4 ಆಂಪಿಯರ್ ಭಾರವು ಸುಮಾರು 12 ಗಂಟೆ ನಡೆಯುತ್ತದೆ. ಇನ್ವರ್ಟರ್ ಮೂಲಕ ನಡೆಸಿದರೆ ಅದರ ನಷ್ಟದಿಂದಾಗಿ ಈ ಅವಧಿ ಕಡಿಮೆಯಾಗುತ್ತದೆ.

7. 230 ವೋಲ್ಟ್ ಹೊರಸಂಪರ್ಕ

ಮನೆ ಅಥವಾ ತಂಗುದಾಣದಿಂದ ವಾಹನಕ್ಕೆ ವಿದ್ಯುತ್ ಪಡೆಯುವಾಗ ಭೂಸಂಪರ್ಕವಿರುವ ಮೂರು ಪಿನ್‌ನ ಪ್ಲಗ್ ಮತ್ತು ಐ.ಎಸ್.ಐ. ಗುರುತಿನ ಮೂರೆಳೆಯ ತಂತಿಯನ್ನೇ ಬಳಸಬೇಕು. ವಾಹನದ ಟಯರ್‌ಗಳು ರಬ್ಬರಿನವಾದ್ದರಿಂದ ಭೂಸಂಪರ್ಕ ತಪ್ಪಿದಲ್ಲಿ ಇಡೀ ಲೋಹದ ಮೈ ಸಜೀವವಾಗಬಹುದು. ಒಳಗಿರುವವರಿಗೆ ಏನೂ ಆಗದೆ, ಹೊರಗೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರಿಗೆ ಆಘಾತವಾಗುತ್ತದೆ. ಡಿಶ್ ಅಥವಾ ಬಾಗಿಲು ಮುಟ್ಟಿದಾಗ ‘ಚುರುಕ್’ ಎನ್ನಿಸಿದರೂ ಪ್ಲಗ್ ಕಳಚಿ ಪರೀಕ್ಷಿಸಬೇಕು. 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಅಳವಡಿಸಿ, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಸುರುಳಿ ಸುತ್ತಿದ ತಂತಿಯನ್ನು ಪೂರ್ತಿ ಬಿಚ್ಚದೆ ಬಳಸಿದರೆ ಅದು ಒಳಗೊಳಗೇ ಬಿಸಿಯಾಗುತ್ತದೆ. ಬೀದಿ ದೀಪದ ಕಂಬದಿಂದ ಸಂಪರ್ಕ ಪಡೆಯುವುದು ಅಪರಾಧ.

230 ವೋಲ್ಟ್ ಜೋಡಣೆಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

8. ಮಳೆ ಮತ್ತು ಬಿಸಿಲಿನ ಪರಿಣಾಮ

ಜೋರು ಮಳೆ ಸುರಿಯುವಾಗ ಕೆಲವು ನಿಮಿಷ ಚಿತ್ರ ನಿಲ್ಲುವುದು ಸಹಜ. ಮಳೆ ನಿಂತ ಮೇಲೂ ಬಾರದಿದ್ದರೆ ಕನೆಕ್ಟರ್‌ಗೆ ನೀರು ಸೇರಿರಬಹುದು. ಗುಡುಗು ಸಿಡಿಲಿನ ವೇಳೆಯಲ್ಲಿ ಡಿಶ್‌ನ ತಂತಿಯನ್ನು ಬಾಕ್ಸ್‌ನಿಂದ ಬೇರ್ಪಡಿಸಬೇಕು; ಮೇಲ್ಛಾವಣಿ ಏರಬಾರದು.

ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮಧ್ಯಭಾಗದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಸೂರ್ಯನು ಉಪಗ್ರಹದ ನೇರ ಹಿಂದೆ ಹಾಯುವುದರಿಂದ ಕೆಲವು ದಿನ ಕೆಲವು ನಿಮಿಷ ಸಂಕೇತ ತಪ್ಪುತ್ತದೆ. 93.5 ಡಿಗ್ರಿ ಸ್ಥಾನಕ್ಕೆ ಬೆಂಗಳೂರಿನಲ್ಲಿ ಇದು ಬೆಳಗ್ಗೆ ಸುಮಾರು 11 ಗಂಟೆಯ ಆಸುಪಾಸಿನಲ್ಲಿ ಸಂಭವಿಸುತ್ತದೆ. ಇದಕ್ಕೆ ದುರಸ್ತಿಯ ಅಗತ್ಯವಿಲ್ಲ. ಆ ದಿನಗಳಲ್ಲಿ ಅದೇ ವೇಳೆಗೆ ಡಿಶ್‌ನ ಮೇಲೆ ಮರದ ಅಥವಾ ಕಟ್ಟಡದ ನೆರಳು ಬಿದ್ದಿದ್ದರೆ, ಆ ಸ್ಥಳದಲ್ಲಿ ಉಪಗ್ರಹಕ್ಕೂ ಅದೇ ಅಡ್ಡಿಯಿದೆ ಎಂದು ಉಪಕರಣವಿಲ್ಲದೆಯೇ ತಿಳಿಯಬಹುದು.

9. ಪ್ರಯಾಣದ ವೇಳೆ

ಹೊರಡುವ ಮುನ್ನ ಡಿಶ್ ಮಡಚಿ ಭದ್ರಪಡಿಸಿರುವುದನ್ನು ಮೇಲೆ ನೋಡಿ ಖಚಿತಪಡಿಸಿಕೊಳ್ಳಬೇಕು. ಮಡಚಿದ ಡಿಶ್ ಸೇರಿಸಿ ವಾಹನದ ಒಟ್ಟು ಎತ್ತರವನ್ನು ಅಳೆದು, ಚಾಲಕನಿಗೆ ಕಾಣುವಂತೆ ಬರೆದಿಟ್ಟಲ್ಲಿ ರೈಲ್ವೆ ಕೆಳಸೇತುವೆಗಳ ಎತ್ತರದ ಫಲಕದೊಂದಿಗೆ ಹೋಲಿಸಲು ಅನುಕೂಲ. ಟಿ.ವಿ.ಯ ಪರದೆ ಚಾಲಕನ ದೃಷ್ಟಿಗೆ ಬೀಳಬಾರದು. ಸಾಮಾನ್ಯ ಡಿಶ್ ವಾಹನ ನಿಂತಾಗ ಮಾತ್ರ ಕೆಲಸ ಮಾಡುತ್ತದೆ.

10. ಅನುಮತಿ

ವ್ಯಾನ್ ಅಥವಾ ಬಸ್ಸನ್ನು ಕ್ಯಾರವಾನ್ ಆಗಿ ಪರಿವರ್ತಿಸಲು ಇಚ್ಛಿಸುವವರು ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಉಪಬಂಧಗಳನ್ನು ಗಮನಿಸಿ, ಕೆಲಸ ಆರಂಭಿಸುವ ಮೊದಲೇ ತಮ್ಮ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು. ಕೆ.ಎ.-03 ಸರಣಿಯ ವಾಹನಗಳಿಗೆ ಬೆಂಗಳೂರು ಪೂರ್ವ ಹಾಗೂ ಕೆ.ಎ.-53 ಸರಣಿಯವುಗಳಿಗೆ ಕೃಷ್ಣರಾಜಪುರ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸಬಹುದು. ಮೋಟಾರು ಕ್ಯಾರವಾನ್‌ಗಳಿಗೆ ಎ.ಐ.ಎಸ್.-124 ಎಂಬ ಪ್ರತ್ಯೇಕ ತಾಂತ್ರಿಕ ಮಾನಕವಿದೆ. ಬದಲಾವಣೆಯನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸದಿದ್ದಲ್ಲಿ, ಬೆಂಕಿ ಅವಘಡದ ಪರಿಹಾರ ಕೋರುವಾಗ ತಕರಾರು ಉಂಟಾಗಬಹುದು.

11. ಖರೀದಿ ಮತ್ತು ದೂರು

ಶಿವಾಜಿನಗರದ ಗುಜರಿ ಸೇರಿದಂತೆ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹಿಡಿಕೆ, ಕಂಬಗಳಂತಹ ಭಾಗಗಳನ್ನು ಕೊಳ್ಳಬಹುದಾದರೂ, ತಂತಿ, ಫ್ಯೂಸ್ ಹಾಗೂ ಆರ್.ಸಿ.ಸಿ.ಬಿ.ಗಳನ್ನು ಹೊಸದಾಗಿಯೇ ಕೊಳ್ಳುವುದು ಕ್ಷೇಮ. ಎಲ್ಲ ಖರೀದಿಗೂ ರಸೀದಿ ಪಡೆಯಬೇಕು.

- ಡಿ.ಟಿ.ಎಚ್. ಸೇವೆಯ ದೋಷಕ್ಕೆ ಮೊದಲು ಸೇವಾದಾರರ ಗ್ರಾಹಕ ಕೇಂದ್ರದಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆಯಬೇಕು. ಪರಿಹಾರವಾಗದಿದ್ದಲ್ಲಿ ಅವರ ನೋಡಲ್ ಅಧಿಕಾರಿಗೆ ಬರೆಯಬಹುದು.
- ಸರಕು ಅಥವಾ ದುರಸ್ತಿಯ ಲೋಪಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.
- ಬೀದಿಯ ವಿದ್ಯುತ್ ತಂತಿ ಜೋತುಬಿದ್ದಿದ್ದರೆ ಬೆಸ್ಕಾಂ ಸಹಾಯವಾಣಿ: 1912
- ತುರ್ತು ಸಂದರ್ಭದಲ್ಲಿ: 112

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾಹನದಲ್ಲಿ ಟಿ.ವಿ. ಇಟ್ಟುಕೊಳ್ಳಲು ಪರವಾನಗಿ ಬೇಕೆ?
ಉತ್ತರ: ಬೇಡ. ಟಿ.ವಿ. ಪೆಟ್ಟಿಗೆಗಳ ಪರವಾನಗಿ ಪದ್ಧತಿಯನ್ನು 1980ರ ದಶಕದಲ್ಲಿಯೇ ಕೈಬಿಡಲಾಗಿದೆ.

ಪ್ರಶ್ನೆ: ಮನೆಯ ಡಿ.ಟಿ.ಎಚ್. ಬಾಕ್ಸ್‌ನ್ನು ವಾಹನದಲ್ಲಿ ಬಳಸಬಹುದೆ?
ಉತ್ತರ: ತಾಂತ್ರಿಕವಾಗಿ ಸಾಧ್ಯ. ಆದರೆ ಸೇವಾದಾರರ ಷರತ್ತುಗಳನ್ನು ಪರಿಶೀಲಿಸಬೇಕು.

ಪ್ರಶ್ನೆ: ಡಿಶ್, ತಂತಿ, ಬ್ಯಾಟರಿ ಇವುಗಳಲ್ಲಿ ಮೊದಲು ಯಾವುದನ್ನು ಪರೀಕ್ಷಿಸಬೇಕು?
ಉತ್ತರ: ಮೊದಲು ಭಾರವಿರುವಾಗಿನ ವೋಲ್ಟ್, ನಂತರ ವಾಹನ ನಿಂತ ಸ್ಥಳ, ಆನಂತರ ಕನೆಕ್ಟರ್‌ಗಳು, ಕೊನೆಗೆ ಡಿಶ್‌ನ ದಿಕ್ಕು. ಸರಿಯಾಗಿರುವ ದಿಕ್ಕನ್ನು ಮೊದಲೇ ಕದಲಿಸಿದರೆ ಒಂದು ದೋಷದ ಜಾಗದಲ್ಲಿ ಎರಡಾಗುತ್ತವೆ.

ನಾಗರಿಕರು ಮೇಲ್ಕಂಡ ಸೂಚನೆಗಳನ್ನು ಪಾಲಿಸಿ, ಸಂದೇಹವಿದ್ದಲ್ಲಿ ಅರ್ಹ ತಂತ್ರಜ್ಞರ ನೆರವು ಪಡೆದು, ತಮ್ಮ ಹಾಗೂ ಸಹಪ್ರಯಾಣಿಕರ ಸುರಕ್ಷತೆಯನ್ನು ಕಾಪಾಡಿಕೊಳ್ಳಬೇಕೆಂದು ಕೋರಲಾಗಿದೆ.